ಗಾಳಿ ತಾಕಬಾರದು

ಆ ವಾಸನೆ ಆ ಮನೆಯಿಂದ ಬರಲು ಸಾಧ್ಯವೇ ಇರಲಿಲ್ಲ.

ಶಾಂತಲಿಂಗಪ್ಪ ಮಾಸ್ತರರು ನಡುಬೀದಿಯಲ್ಲೇ ನಿಂತುಬಿಟ್ಟರು. ಮೂಗು ಮೋಸ ಮಾಡಿರಲಿಲ್ಲ. ಗುರಮ್ಮನ ಅಂಗಳದ ಗೋಡೆಯಾಚೆಯಿಂದ ಬರುತ್ತಿದ್ದುದು ಅವರದೇ ಗುಲಾಬಿಯ ಘಮ. ಇಡೀ ಆಳಂದದಲ್ಲಿ ಅಂಥ ಗಿಡ ಇದ್ದುದು ಒಂದೇ, ಅವರ ಹಿತ್ತಲಲ್ಲಿ. ಅದೂ ನಾಲ್ಕು ತಿಂಗಳ ಹಿಂದೆ ಗೆದ್ದಲು ಹತ್ತಿ ಸತ್ತಿತ್ತು.

ಹೆಂಡತಿ ಗೌರಾಬಾಯಿ ತವರೂರು ಖಜೂರಿಯಿಂದ ತಂದು ಹಚ್ಚಿದ ಗಿಡ ಅದು. ಆಕೆ ತೀರಿಕೊಂಡ ಮೇಲೆ ಹದಿನೆಂಟು ವರ್ಷ, ದಿನಾ ಒಂದು ಹೂ ಹೊಲದಲ್ಲಿದ್ದ ಆಕೆಯ ಸಮಾಧಿಯ ಗದ್ದುಗೆಗೆ ಹೋಗುತ್ತಿತ್ತು. ಈಗ ಗದ್ದುಗೆ ಬರಿದು. ಖಜೂರಿಯ ಮೂಲ ಗಿಡವೂ ಎಂದೋ ಹೋಗಿತ್ತು. ಮಾಸ್ತರರಿಗೆ ಅನ್ನ ಸೇರುತ್ತಿರಲಿಲ್ಲ. ಎಪ್ಪತ್ತರ ಮುದುಕ ಹೂವಿಗಾಗಿ ಅಳುವುದೇ ಎಂದು ನಗಬೇಡಿ. ಅವರು ನಿಜಕ್ಕೂ ಅಳುತ್ತಿದ್ದರು.

ಗಿಡ ಇದ್ದಾಗ ನೆಡಲು ಕಡ್ಡಿ ಕೇಳಿದವರಿಗೆ ಅವರು ಇಲ್ಲವೆಂದವರಲ್ಲ. ಅದು ಊರಿಗೇ ಗೊತ್ತು. ಹೆಂಗಸರು ಬಂದರೆ ಕಟ್ಟೆಯ ಮೇಲೆ ಕೂಡಿಸುವರು. ಕಡ್ಡಿ ಕತ್ತರಿಸಿಕೊಂಡು ಒಳಗೆ ಹೋಗುವರು. ಸ್ಟೋ ಭುಸ್ಸೆನ್ನುವುದು. ಬಂದವರಿಗೆ ಚಹಾ ಕುಡಿಸಿ, ಗೋಣಿ ಚೂರಿನಲ್ಲಿ ದಪ್ಪಗೆ ಸುತ್ತಿ ಕಟ್ಟಿದ ಕಡ್ಡಿಯನ್ನು ಕೈಗಿಡುವರು.

“ಮನಿ ಮುಟ್ಟೂತನಾ ಬಿಚ್ಚಬ್ಯಾಡ್ರಿ. ಗಾಳಿ ತಾಕಬಾರದು.”

ಒಂದೂ ಹತ್ತಲಿಲ್ಲ. ಎಂಟು ದಿನಕ್ಕೆ ಕಪ್ಪಗಾಗಿ ಒಣಗುತ್ತಿದ್ದವು. “ಕೈಗುಣ ಬೇಕ್ರಿ. ನಮ್ಮ ಗೌರಾಗ ಇತ್ತು,” ಎಂದು ಮಾಸ್ತರರು ನಿಟ್ಟುಸಿರು ಬಿಡುವರು.

ಗುರಮ್ಮನ ಮಗಳು ಶಿವಕಾಂತಾ ಮೂರು ಸಲ ಒಯ್ದಳು. ಮೂರೂ ಒಣಗಿದವು. ಅಷ್ಟರಲ್ಲಿ, ಎಪ್ಪತ್ತೇಳನೇ ಇಸವಿಯಲ್ಲಿ, ಕೊಳಕೂರಿನಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬಂದರು. ಹಿರಿಯರೆಂದು ಮಾಸ್ತರರನ್ನೂ ಕರೆದಿದ್ದರು. ಅಂಗಳದ ಕುಂಡಗಳಲ್ಲಿದ್ದ ಒಣಕಡ್ಡಿಗಳನ್ನು ನೋಡಿ ಹುಡುಗನ ತಾಯಿ ಏನವು ಎಂದು ಕೇಳಿದಳು. ಮಾಸ್ತರರು ನಕ್ಕರು.

“ಕೂಸು ಬಂಗಾರದಂಥದ್ದರಿ. ಕೈಗುಣ ಒಂದ ಇಲ್ಲ. ಮೂರು ಸಲ ಕೊಟ್ಟೆ, ಮೂರೂ ಒಣಗಿದವು.”

ಆ ತಾಯಿ ಕೈಯಲ್ಲಿದ್ದ ಚುರುಮುರಿ ಸೂಸಲಾದ ತಾಟು ಕೆಳಗಿಟ್ಟಳು. ಅವರದು ಬಿತ್ತುವ ಮನೆತನ. ಮೊದಲ ಹಿಡಿ ಕಾಳಿಗೆ ಸೊಸೆಯ ಕೈ ಮುಟ್ಟಿಸುವ ಪದ್ಧತಿ. ಮುಟ್ಟಿದ್ದೆಲ್ಲ ಒಣಗುವ ಕೈಯನ್ನು ಯಾರು ಮನೆ ತುಂಬಿಸಿಕೊಂಡಾರು? ಊರ ಬಾಯಿಗೆ ಬೀಗ ಎಲ್ಲಿದೆ! ಕೊಳಕೂರಿನ ಸಂಬಂಧ ಹೋಯಿತು, ಅಫಜಲಪುರದ್ದೂ ಹೋಯಿತು. ಮದುವೆ ಮನೆಯ ಹಂದರಗಂಬಕ್ಕೆ ಅರಿಶಿನ ಹಚ್ಚಲೂ ಅವಳನ್ನು ಕರೆಯದಾದರು. ಒಂಬತ್ತು ವರ್ಷವಾಯಿತು. ಶಿವಕಾಂತಾಳಿಗೆ ಈಗ ಮೂವತ್ತು. ಗುರಮ್ಮ ಅದೇ ಕೊರಗಿನಲ್ಲಿ ಹೋದ ತಿಂಗಳು ಕಣ್ಣು ಮುಚ್ಚಿದಳು.

ಅಂಥ ಮನೆಯಿಂದ ಈ ಘಮ.

ಬಾಗಿಲ ಮುಂದೆ ಲಾರಿ ನಿಂತಿತ್ತು. ಟ್ರಂಕು, ಹಾಸಿಗೆ ಆಗಲೇ ಏರಿದ್ದವು. ಅಂಗಳದಲ್ಲಿ ತಗಡಿನ ಡಬ್ಬ, ಅದರಲ್ಲಿ ಸೊಂಟದೆತ್ತರದ ಗಿಡ. ಒಂದೇ ಹೂ. ಮಾಸ್ತರರು ಅಂಗಳಕ್ಕೆ ಕಾಲಿಟ್ಟರು.

“ತಂಗಿ, ಇದು ಹೆಂಗ...?”

“ಬರ್ರಿ ಮಾಸ್ತರ್ರ. ಮೊದಲನೇ ಹೂ, ಇವತ್ತ ಅರಳ್ಯದ.” ಶಿವಕಾಂತಾ ಸೆರಗಿಗೆ ಕೈ ಒರೆಸಿಕೊಂಡಳು. “ಅವ್ವ ಹೇಳ್ತಿದ್ಲರಿ, ಬೇಡಿ ತಂದ ಕಡ್ಡಿ ಹತ್ತಂಗಿಲ್ಲ, ಕದ್ದು ತಂದದ್ದು ಹತ್ತತದ ಅಂತ. ಹೋದ ವರ್ಷ ಮಳಿಗಾಲದಾಗ ನಿಮ್ಮ ಹಿತ್ತಲ ಗ್ವಾಡಿ ಜಿಗದು ಒಂದ ಕದ್ದೆ. ಒಂದ ಸಲಕ್ಕ ಚಿಗರೊಡೀತು. ಕೈ ನಂದ, ಗಿಡ ನಿಮ್ಮದ. ಆದ್ರೂ ಹತ್ತಿತು. ಭಾಳ ದಿನ ವಿಚಾರ ಮಾಡಿದೆನ್ರಿ.”

ಕದ್ದಳೆಂದು ಮಾಸ್ತರರಿಗೆ ಸಿಟ್ಟೇ ಬರಲಿಲ್ಲ. ಬದುಕಿನಲ್ಲಿ ಮೊದಲ ಸಲ ಒಬ್ಬ ಕಳ್ಳಿಗೆ ಕೈಮುಗಿಯಬೇಕೆನಿಸಿತು, ಮುಗಿದೂ ಬಿಟ್ಟರು.

“ಒಂದ ಕಡ್ಡಿ ಕೊಡು ತಂಗಿ. ಗೌರಾನ ಗದ್ದಿಗಿ ಮ್ಯಾಲ ಹೂ ಇಲ್ಲದ ನಾಕು ತಿಂಗಳಾತು. ಕಣ್ಣು ಮುಚ್ಚೂದರಾಗ ಅಲ್ಲಿ ಒಂದ ಗಿಡ ನೋಡಬೇಕು.”

“ಅಯ್ಯ, ಅದಕೇನ್ರಿ! ನೀವು ನನಗ ಮೂರು ಕೊಟ್ಟೀರಿ. ಸೊಲ್ಲಾಪುರಕ್ಕ ಅಣ್ಣನ ಮನಿಗಿ ಹೊಂಟೇನಿ, ಗಿಡಾನೂ ಒಯ್ಯಾಕತ್ತೇನಿ. ಇನ್ನ ಈ ಕಡಿ ಬರಂಗಿಲ್ಲ. ಕೂಡ್ರಿ, ಚಹಾಕ್ಕ ಇಡ್ತೇನಿ.”

ಒಳ್ಳೆಯ ಕಡ್ಡಿಯನ್ನೇ ಆರಿಸಿ ಕತ್ತರಿಸಿದಳು. ಒಳಗೆ ಹೋದಳು. ಸ್ಟೋ ಭುಸ್ಸೆಂದಿತು. ಮಾಸ್ತರರು ಹೂವಿಗೆ ಮುಖ ಒಡ್ಡಿ ಕಣ್ಣು ಮುಚ್ಚಿದರು. ಗೌರಾ ತಲೆಗೆ ಮುಡಿದು ಬಾಗಿಲಲ್ಲಿ ನಿಂತಂತಾಯಿತು. ಕಣ್ಣು ತೆರೆಯುವಷ್ಟರಲ್ಲಿ ಡ್ರೈವರ್ ಡಬ್ಬವನ್ನೆತ್ತಿ ಲಾರಿಗೆ ಇಡುತ್ತಿದ್ದ.

ಶಿವಕಾಂತಾ ಹೊರಗೆ ಬಂದಳು. ಕೈಯಲ್ಲಿ ಗೋಣಿ ಚೂರಿನ ದಪ್ಪ ಕಟ್ಟು. ಚಹಾ ಬರಲಿಲ್ಲ, ಮಾಸ್ತರರಿಗೆ ಅದರ ನೆನಪೂ ಇರಲಿಲ್ಲ.

“ಮನಿ ಮುಟ್ಟೂತನಾ ಬಿಚ್ಚಬ್ಯಾಡ್ರಿ ಮಾಸ್ತರ್ರ,” ಎಂದಳು. “ಗಾಳಿ ತಾಕಬಾರದು.”

ಲಾರಿ ಹೊರಟಿತು. ಘಮವೂ ಅದರ ಹಿಂದೆಯೇ ಹೋಯಿತು. ಮಾಸ್ತರರು ಕಟ್ಟನ್ನು ಎದೆಗವಚಿಕೊಂಡು ಹತ್ತು ಹೆಜ್ಜೆ ನಡೆದರು, ನಿಂತರು. ಆ ಮಾತು ತಮ್ಮದು. ಬೀದಿಯಲ್ಲೇ ಕುಕ್ಕರಿಸಿ, ಹಲ್ಲಿನಿಂದ ಹುರಿ ಕಡಿದು, ಗೋಣಿ ಬಿಚ್ಚಿ ಕಡ್ಡಿಯ ಬುಡ ಮುಟ್ಟಿದರು. ಬಿಸಿಯಿತ್ತು.

ಗೌರಾಳ ಗಿಡ ಇನ್ನೊಬ್ಬರ ಅಂಗಳದಲ್ಲಿ ಚಿಗುರಬಾರದೆಂದು ಹದಿನೆಂಟು ವರ್ಷ ಪ್ರತಿ ಕಡ್ಡಿಯ ಬುಡವನ್ನೂ ಚಹಾದ ಕುದಿನೀರಿನಲ್ಲಿ ಅದ್ದಿಯೇ ಕೊಟ್ಟಿದ್ದ ಮಾಸ್ತರರಿಗೆ, ಈ ಕಡ್ಡಿ ಎಂಟನೆಯ ದಿನಕ್ಕೆ ಕಪ್ಪಗಾಗುತ್ತದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.