ಹುಡುಗನ ಎಡಗೈ

“ಏನ್ ಗುರುಗಳೇ, ನಮ್ಮ ಹುಡುಗನಿಗೆ ಲಕ್ವ ಹೊಡೆದಿದೆಯಾ?”

ನಿರ್ದೇಶಕಿ ನಗುತ್ತಲೇ ಕೇಳಿದರು. ಗುರುಗಳಿಗೆ ನಗು ಬರಲಿಲ್ಲ. ಕೆಲಸ ಸಿಕ್ಕ ಖುಷಿಯಲ್ಲಿ ಕುಣಿಯುತ್ತ ಮನೆಗೆ ಬರಬೇಕಾದ ಕಂಪ್ಯೂಟರ್ ಚಿತ್ರದ ಗೊಂಬೆ ಹುಡುಗ, ಪರದೆಯ ಮೇಲೆ ಬಲಗೈಯನ್ನಷ್ಟೇ ಬೀಸಿಕೊಂಡು ಬರುತ್ತಿದ್ದ. ಎಡಗೈ, ಗೂಟಕ್ಕೆ ನೇತುಹಾಕಿದ ಅಂಗಿಯ ತೋಳಿನಂತೆ ಜೋತುಬಿದ್ದಿತ್ತು.

“ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ಈ ದೃಶ್ಯ ಪುಟ್ಟಿಗೆ ಕೊಟ್ಬಿಡ್ತೀನಿ. ಬೇಜಾರು ಮಾಡ್ಕೋಬೇಡಿ.”

ಪುಟ್ಟಿ! ಹೋದ ವರ್ಷ ಬಂದವಳು, ಅ ಆ ಇ ಈಯಿಂದ ಇವರ ಹತ್ತಿರವೇ ಕಲಿತವಳು. ನಡಿಗೆ ಅಂದರೆ ಗುರುಗಳದ್ದು ಎಂದು ಇಡೀ ಸ್ಟುಡಿಯೋ ಹೇಳುತ್ತಿತ್ತು. ಮೈತುಂಬ ಸೆನ್ಸರ್ ಪಟ್ಟಿ ಕಟ್ಟಿಕೊಂಡು ಅವರು ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಕಂಪ್ಯೂಟರು ಆ ಚಲನೆಯನ್ನು ಹಿಡಿದು ಗೊಂಬೆಗೆ ಜೀವ ತುಂಬುತ್ತಿತ್ತು. ಕರಡಿ, ಕಳ್ಳ, ಮದುಮಗಳು, ಎಲ್ಲರೂ ಅವರ ಕಾಲಿನಲ್ಲೇ ನಡೆದವರು.

ಈ ಹುಡುಗ ಮಾತ್ರ ಜಪ್ಪಯ್ಯ ಅಂದರೂ ಬಗ್ಗುತ್ತಿಲ್ಲ. ಹಳೇ ಪಟ್ಟಿ ಕಿತ್ತು ಹೊಸದು ಕಟ್ಟಿ ನೋಡಿದ್ದಾಯಿತು. ಬಾಗಿಲು ಹಾಕಿಕೊಂಡು ಒಬ್ಬರೇ ನಡೆದು ನೋಡಿದ್ದಾಯಿತು. ಅದೇ ಹಾಡು. ಹಾಗಾದರೆ ಕಂಪ್ಯೂಟರಿನೊಳಗೇ ಯಾರೋ ಏನೋ ಮಾಡಿಟ್ಟಿದ್ದಾರೆ. ಯಾರು ಅಂತ ಬೇರೆ ಹೇಳಬೇಕೆ?

ಮನೆಯಲ್ಲೂ ನೆಮ್ಮದಿಯಿಲ್ಲ. “ಚಪ್ಪಲಿ ತಂದು ತಿಂಗಳಾಗಿಲ್ಲ, ಎಡಗಾಲಿಂದು ಮಾತ್ರ ತುದಿ ಸವೆದು ಹೋಗಿದೆಯಲ್ರೀ! ಕಾಲೆಳ್ಕೊಂಡು ನಡೀತೀರೇನು?” ಎಂದು ಹೆಂಡತಿ ಬೆಳಿಗ್ಗೆ ಅವರ ಬಲತೋಳಿನ ಗುಂಡಿ ಹಾಕುತ್ತ ಗೊಣಗಿದ್ದಳು. ಈ ಚಿಂತೆಯಲ್ಲಿ ಅವರಿಗೆ ಗುಂಡಿ ಹಾಕಿಕೊಳ್ಳಲೂ ಬೆರಳು ಓಡುತ್ತಿರಲಿಲ್ಲ.

ಮಧ್ಯಾಹ್ನ ಸೀದಾ ಪುಟ್ಟಿಯ ಮೇಜಿಗೇ ಹೋಗಿ ನಿಂತರು.

“ದೃಶ್ಯ ಬೇಕಿದ್ರೆ ಬಾಯಿಬಿಟ್ಟು ಕೇಳ್ಬೇಕಿತ್ತಮ್ಮ. ಬೆನ್ನ ಹಿಂದೆ ಯಾಕೆ ಈ ಕಿತಾಪತಿ?”

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಕಣ್ಣು ತುಂಬಿಬಂತು.

“ನಿಮ್ಮ ಫೈಲು ಮುಟ್ಟಿದ್ರೆ ನನ್ನ ಕೈ ಬಿದ್ದುಹೋಗ್ಲಿ ಗುರುಗಳೇ!”

“ಹಾಗಾದ್ರೆ ಬಾ. ಪಟ್ಟಿ ನೀನೇ ಕಟ್ಕೋ. ಕಂಪ್ಯೂಟರ್ ಮುಂದೆ ನಾನು ಕೂತಿರ್ತೀನಿ. ಆಗ್ಲೂ ಆ ಕೈ ಆಡ್ಲಿಲ್ಲ ಅಂದ್ರೆ, ಒಳಗೆ ಏನು ಮಾಡಿಟ್ಟಿದ್ದೀಯ ಅಂತ ನಿರ್ದೇಶಕರ ಮುಂದೆ ನೀನೇ ಹೇಳ್ಬೇಕು.”

ಬೆಳಿಗ್ಗೆ ಗುರುಗಳು ಕಟ್ಟಿಕೊಂಡಿದ್ದ ಅದೇ ಪಟ್ಟಿಗಳು. ಅದೇ ಕೋಣೆ, ಅದೇ ಫೈಲು. ಪುಟ್ಟಿ ಮೂಗೊರೆಸಿಕೊಂಡು ಗೋಡೆಯ ಪಕ್ಕ ನಿಂತಳು.

“ನಡೀಲಾ?”

“ನಡಿ. ನೋಡೇಬಿಡೋಣ.”

ಗುರುಗಳು ಬಲಗೈಯಲ್ಲಿ ಮೌಸ್ ಒತ್ತಿದರು. ಎಡಗೈ ತೊಡೆಯ ಮೇಲೆ ತನ್ನ ಪಾಡಿಗೆ ಬಿದ್ದುಕೊಂಡಿತ್ತು.

ಪರದೆಯ ಮೇಲೆ ಹುಡುಗ ಎರಡೂ ಕೈ ಬೀಸುತ್ತ ಮನೆಗೆ ಬಂದ.