ಮೊಣಕಾಲಿನ ಹೊಲಿಗೆ

"ಯಾರರ ನೋಡಿದ್ರ ಏನಂದಾರು? ಲಗೂನ ಮುಗಸ್ರಿ!" ಕುದುರೆಯ ಮೇಲಿಂದಲೇ ಮಲ್ಲವ್ವ ಗಂಡನಿಗೆ ಗದರಿದಳು. ಮೈಮೇಲೆ ಗಂಡನ ಅಂಗಿ, ಕಾಲಿಗೆ ಗಿರಾಕಿಯ ಸವಾರಿ ಪ್ಯಾಂಟು. ಸೀರೆ ಬಿಟ್ಟು ಬೇರೇನನ್ನೂ ಉಟ್ಟು ಗೊತ್ತಿಲ್ಲದ ಅವಳು ಅಂಗಿಯ ತುದಿಯನ್ನು ಎರಡೂ ಕೈಯಿಂದ ತೊಡೆಯ ಮೇಲೆ ಎಳೆದೆಳೆದು ಹಿಡಿದಿದ್ದಳು.

ದಾನಪ್ಪ ಸೀಮೆಸುಣ್ಣ ಹಿಡಿದು ಅವಳ ಮೊಣಕಾಲನ್ನೇ ನೋಡುತ್ತ ಪಕ್ಕದಲ್ಲಿ ನಡೆಯುತ್ತಿದ್ದ. ಕುರ್ಲಾದಲ್ಲಿ ಅವನ ಹೊಲಿಗೆಗೆ ಹೆಸರಿತ್ತು. ಆದರೆ ಸವಾರಿ ಕಲಿಯುವ ಪಾರ್ಸಿ ಹುಡುಗಿಯೊಬ್ಬಳು ತಾನೇ ಬಟ್ಟೆ ಆರಿಸಿ ಹೊಲಿಯಲು ಕೊಟ್ಟಿದ್ದ ಈ ಪ್ಯಾಂಟು ಎರಡು ಸಲ ವಾಪಸು ಬಂದಿತ್ತು. ನಿಂತಾಗ ಸರಿ, ಕುದುರೆ ಏರಿದರೆ ಮೊಣಕಾಲಲ್ಲಿ ಬಿಗಿ. ಇನ್ನೊಮ್ಮೆ ಕೆಟ್ಟರೆ ಬೇರೆ ದರ್ಜಿಯನ್ನು ನೋಡಿಕೊಳ್ಳುತ್ತೇನೆ ಎಂದಿದ್ದಳು. ಹೆಂಡತಿಯದೂ ಅದೇ ಅಳತೆಯ ಮೈ. ಬಿಚ್ಚಿ ಹೊಲಿದದ್ದನ್ನು ತೊಟ್ಟು ತೋರಿಸು ಎಂದು, ಕಾಲಿಗೆ ಬೀಳುವುದೊಂದು ಬಾಕಿ ಎಂಬಂತೆ ಗೋಗರೆದು, ಬೆಳಬೆಳಗ್ಗೆ ಅವಳನ್ನು ಲಾಯಕ್ಕೆ ಕರೆತಂದಿದ್ದ.

ಲಗಾಮು ಹಿಡಿದಿದ್ದ ಲಾಯದ ಕಾಸಿಂಭಾಯಿ ನಾಲಗೆ ಲೊಚಗುಟ್ಟಿಸಿದ. ಕುದುರೆ ಓಡುನಡಿಗೆಗೆ ತಿರುಗಿತು. ಮಲ್ಲವ್ವ "ಯವ್ವಾ!" ಎಂದು ಅಂಗಿಯ ತುದಿ ಬಿಟ್ಟು ಕುದುರೆಯ ಜೂಲು ಹಿಡಿದಳು. ಹೆದರಿ ಹಿಂದೆ ಓಡಿದ ದಾನಪ್ಪನಿಗೆ ಕೇಳಿಸಿದ್ದು ನಗು. ಮುಂಬಯಿಗೆ ಬಂದಮೇಲೆ ಚಾಳಿನ ಆ ಒಂದೇ ಕೋಣೆಯಲ್ಲಿ ಅವನು ಎಂದೂ ಕೇಳಿರದ, ಗಂಟಲು ಬಿಚ್ಚಿದ ನಗು. ಕುದುರೆ ನಿಂತಿತು. ಅವಳು ಅಂಗಿ ಎಳೆದುಕೊಳ್ಳುವುದನ್ನೇ ಮರೆತಿದ್ದಳು. ಮೊಣಕಾಲಿನ ಹೊಲಿಗೆ ಎಲ್ಲೂ ಬಿಗಿ ಹಿಡಿದಿರಲಿಲ್ಲ.

"ಹೋ ಗಯಾ, ಮಾಸ್ಟರ್?" ಎಂದ ಕಾಸಿಂಭಾಯಿ.

ದಾನಪ್ಪ ಸೀಮೆಸುಣ್ಣವನ್ನು ಕಿಸೆಗೆ ಹಾಕಿಕೊಂಡ. "ನಹೀಂ ಭಾಯಿ, ಹೊಲಿಗಿ ಬರಾಬರ್ ಕಾಣವಲ್ದು. ಔರ್ ಏಕ್ ಚಕ್ಕರ್."