ಹಾಲಮ್ಮನಿಗೆ ಬಂದ ಮೊದಲ ದೂರು

ಬೀದಿಕಂಬಗಳಿಗೆ ಕ್ಯಾಮೆರಾ ಕೂರಿಸಿ ಎಲ್ಲರ ಸಂಸಾರವನ್ನೂ ನೇರಪ್ರಸಾರ ಮಾಡತೊಡಗಿ ಆರು ವರ್ಷವಾಗಿತ್ತು. ನೋಡುಗರ ದೂರುಗಳನ್ನು ಪೋಸ್ಟ್‌ಮ್ಯಾನ್ ಬೆಳಿಗ್ಗೆ ಹಂಚುತ್ತಿದ್ದ. ಪಕ್ಕದ ಮನೆಯ ನೀಲಾಂಬಿಕೆಗೆ ದಿನಕ್ಕೊಂದು ಕಟ್ಟು. ಹಾಲಮ್ಮನಿಗೆ ಇದುವರೆಗೆ ಒಂದೂ ಇಲ್ಲ.

"ನೋಡ್ರಿ ಹಾಲಮ್ಮಾರೆ, ನಾ ಸಾರಿಗೆ ಹುಣಸೆಹಣ್ಣು ಜಾಸ್ತಿ ಹಿಂಡಿದ್ನಂತೆ. ನಲವತ್ತು ಮಂದಿ ಬರ್ದಾರ! ಸಾಕಾಗೇತಿ ನಂಗ," ಎಂದು ನೀಲಾಂಬಿಕೆ ಬಿಂಕದಿಂದ ಗೊಣಗಿದಾಗ ಹಾಲಮ್ಮನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಅಂದಿನಿಂದ ಅವಳು ಕಂಬದ ಕಡೆ ಮುಖ ಮಾಡಿಯೇ ಗಂಡನನ್ನು ಬೈದಳು, ಅಂಗಳಕ್ಕೆ ತಟ್ಟೆ ಎಸೆದಳು, ಮದುವೆಯ ರೇಷ್ಮೆ ಸೀರೆಯನ್ನು ದಿನವೂ ತಂತಿಯ ಮೇಲೆ ಹರವಿದಳು.

ಕೊನೆಗೂ ಒಂದು ಕಾಗದ ಬಂತು. ನೀಲಾಂಬಿಕೆಗೆ ಕೇಳಲೆಂದೇ ಹಾಲಮ್ಮ ಬಾಗಿಲಲ್ಲಿ ನಿಂತು ಜೋರಾಗಿ ಓದಿದಳು:

"ಆ ಸೀರೆ ತೆಗೀರಿ ತಾಯಿ. ನೀಲಾಂಬಿಕಮ್ಮನ ಅಡುಗೆಮನೆ ಕಿಟಕಿಗೆ ಅಡ್ಡ ಬರ್ತದೆ."